ಪಶುವೈದ್ಯ ಶಿಕ್ಷಣ: ಕೊಟ್ಟಿಗೆಯ ಕೆಲಸ ಓದಿಗೆ ನೆರವೋ, ಅಡ್ಡಿಯೋ?

ಕಲಬುರಗಿಯಿಂದ ಹುಮನಾಬಾದ್ ದಿಕ್ಕಿಗೆ ಹೊರಟರೆ ನಗರದ ಅಂಚಿನಲ್ಲೇ ತಾಜಸುಲ್ತಾನಪುರ ಸಿಗುತ್ತದೆ. ಹೊರಗಿನವರಿಗೆ ಅದು ಮೀಸಲು ಪೊಲೀಸ್ ಪಡೆಯ ನೆಲೆಯಾಗಿ ಪರಿಚಿತ. ಅದೇ ದಿಕ್ಕಿನಲ್ಲಿ ಮುಂದೆ ಮಹಾಗಾಂವ್ ಕ್ರಾಸ್, ಕೆಂಪು ಬಾಳೆಗೆ ಹೆಸರಾದ ಕಮಲಾಪುರ, ಹುಮನಾಬಾದ್, ಕೊನೆಗೆ ಬೀದರ್. ಒಟ್ಟು ಸುಮಾರು 110 ಕಿಲೋಮೀಟರ್. ದಾರಿಯುದ್ದಕ್ಕೂ ತೊಗರಿ, ಜೋಳದ ಜೊತೆಗೆ ಎತ್ತು, ಎಮ್ಮೆ, ಆಡು, ಕುರಿಗಳನ್ನು ನಂಬಿ ಬದುಕುವ ಊರುಗಳಿವೆ. ದಾರಿಯ ತುದಿಗೆ, ಬೀದರಿನ ನಂದಿನಗರದಲ್ಲಿ, ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಈ ಊರುಗಳ ಮಕ್ಕಳು ಪಶುವೈದ್ಯರಾಗಲು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಓದಿದವರು ಚಿಕಿತ್ಸೆಗೆ ಈ ಊರುಗಳಿಗೆ ಬರುತ್ತಾರೆ.

ಈ ಎರಡು ತುದಿಗಳ ನಡುವೆ ಪಶುವೈದ್ಯ ಶಿಕ್ಷಣದ ಹಳೆಯ ಪ್ರಶ್ನೆಯೊಂದು ನಿಂತಿದೆ. ವಿದ್ಯಾರ್ಥಿ ಓದುವ ಕಾಲದಲ್ಲಿ ಕೊಟ್ಟಿಗೆ, ಪಶು ಆಸ್ಪತ್ರೆ, ಹಾಲಿನ ಡೇರಿ, ಕುರಿ ಹಟ್ಟಿಗಳಲ್ಲಿ ಕೆಲಸ ಮಾಡಿದರೆ ಅವನ ಓದು ಸುಧಾರಿಸುತ್ತದೆಯೇ? ಅಥವಾ ಓದುವ ಹೊತ್ತನ್ನು ಕೆಲಸ ನುಂಗಿಬಿಡುತ್ತದೆಯೇ? ಶಿಕ್ಷಕರಲ್ಲಿ ಎರಡೂ ಅಭಿಪ್ರಾಯಗಳಿವೆ, ಪೋಷಕರಲ್ಲಂತೂ ಎರಡನೆಯದೇ ಹೆಚ್ಚು. ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನೂ ನಮ್ಮ ಶಿಕ್ಷಣದ ಚೌಕಟ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಕೆಲಸ ತನ್ನಷ್ಟಕ್ಕೆ ಓದನ್ನು ಸುಧಾರಿಸುವುದಿಲ್ಲ. ಮೊದಲೇ ಸಿದ್ಧತೆ, ಕೆಲಸದ ಹೊತ್ತಿನಲ್ಲಿ ಮಾರ್ಗದರ್ಶನ, ಕೊನೆಗೆ ಅದರ ಮೇಲೆಯೇ ಪ್ರಶ್ನೆ ಕೇಳುವ ಪರೀಕ್ಷೆ, ಈ ಮೂರೂ ಕೂಡಿದಾಗ ಮಾತ್ರ ಸುಧಾರಿಸುತ್ತದೆ.

ಹಿನ್ನೆಲೆ

ಆಧುನಿಕ ಪಶುವೈದ್ಯ ಶಾಲೆಗಳ ಚರಿತ್ರೆ 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ಲೋದ್ ಬೂರ್ಜೆಲಾ ಸ್ಥಾಪಿಸಿದ ಶಾಲೆಯಿಂದ ಆರಂಭ. ಯುರೋಪಿನ ದನಗಳನ್ನು ದೊಡ್ಡರೋಗ ಕೊಲ್ಲುತ್ತಿದ್ದ ಕಾಲವದು. ನಮ್ಮ ಉಪಖಂಡದಲ್ಲಿ ಲಾಹೋರ್ (1882), ಮುಂಬಯಿ (1886), ಮದ್ರಾಸ್ (1903) ಕಾಲೇಜುಗಳು ಬಂದವು. ಕಲಬುರಗಿ ನಿಜಾಮರ ಸಂಸ್ಥಾನದಲ್ಲಿದ್ದಾಗ ಆ ರಾಜ್ಯದ ಪಶುವೈದ್ಯ ಕಾಲೇಜು 1946ರಲ್ಲಿ ಹೈದರಾಬಾದಿನಲ್ಲಿ ಶುರುವಾಯಿತು. 1956ರ ಏಕೀಕರಣದಿಂದ ಕಲಬುರಗಿ ಕನ್ನಡ ನಾಡಿಗೆ ಸೇರಿದ ಎರಡು ವರ್ಷಕ್ಕೆ, 1958ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲೇಜು ಬಂತು. ಆದರೆ ತಾಜಸುಲ್ತಾನಪುರದ ಹುಡುಗನಿಗೆ ಹೆಬ್ಬಾಳ ಹೈದರಾಬಾದಿಗಿಂತಲೂ ದೂರ. ಆ ದೂರ ಕಡಿಮೆಯಾದದ್ದು 1985ರಲ್ಲಿ ಬೀದರಿನ ಕಾಲೇಜು ತೆರೆದಾಗ. 2004ರಲ್ಲಿ ಬೀದರನ್ನೇ ಕೇಂದ್ರವಾಗಿಟ್ಟುಕೊಂಡು ಪ್ರತ್ಯೇಕ ವಿಶ್ವವಿದ್ಯಾಲಯ ರೂಪುಗೊಂಡಿತು.

ಇನ್ನೆರಡು ಬೆಳವಣಿಗೆಗಳು ಈ ಭಾಗಕ್ಕೆ ಮುಖ್ಯ. ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಇಲ್ಲಿನವರಿಗೆ ಮೀಸಲಾದವು. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಗೊಂಡಿತು. ಹೀಗೆ ಓದುವ ಅವಕಾಶ ಹತ್ತಿರವಾಯಿತು. ಓದಿನ ಗುಣಮಟ್ಟದ ಪ್ರಶ್ನೆಗೆ ಈಗ ಉತ್ತರ ಹುಡುಕಬೇಕಿದೆ.

ಅನುಭವಕ್ಕೆ ನಾವು ಕೊಟ್ಟ ಜಾಗ

ಪಶುವೈದ್ಯ ಪದವಿಯ ಚೌಕಟ್ಟನ್ನು ನಿರ್ಧರಿಸುವುದು ಭಾರತೀಯ ಪಶುವೈದ್ಯ ಪರಿಷತ್ತು. 1984ರ ಕಾಯ್ದೆ ಅದಕ್ಕೆ ಆ ಅಧಿಕಾರ ಕೊಟ್ಟಿದೆ. 2016ರ ನಿಯಮಾವಳಿಯ ಪ್ರಕಾರ ಪದವಿಯ ಅವಧಿ ಐದೂವರೆ ವರ್ಷ. ಮೊದಲ ನಾಲ್ಕೂವರೆ ವರ್ಷ ಪಾಠ, ಪ್ರಾಯೋಗಿಕ ತರಗತಿ ಮತ್ತು ಪರೀಕ್ಷೆ. ಎಲ್ಲ ವಿಷಯಗಳಲ್ಲಿ ಪಾಸಾದ ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಈ ಅವಧಿಗೆ ರಾಜ್ಯ ಪಶುವೈದ್ಯ ಪರಿಷತ್ತಿನಿಂದ ತಾತ್ಕಾಲಿಕ ನೋಂದಣಿ ದೊರೆಯುತ್ತದೆ, ಮುಗಿದ ಮೇಲೆ ಕಾಯಂ ನೋಂದಣಿ. ಕಾಲೇಜಿನ ಚಿಕಿತ್ಸಾಲಯ, ಇಲಾಖೆಯ ಆಸ್ಪತ್ರೆ, ಜಾನುವಾರು ಕ್ಷೇತ್ರ, ಮೃಗಾಲಯ, ಹಾಲು ಮತ್ತು ಮಾಂಸ ಸಂಸ್ಕರಣಾ ಘಟಕಗಳಲ್ಲಿ ಸರದಿಯಂತೆ ಕೆಲಸ ಮಾಡಿ ಲಾಗ್‌ಬುಕ್ ಬರೆಯಬೇಕು. ಪಾಠದ ವರ್ಷಗಳಲ್ಲೂ ಜಾನುವಾರು ಕ್ಷೇತ್ರಾಭ್ಯಾಸ, ಚಿಕಿತ್ಸಾಭ್ಯಾಸಗಳಿಗೆ ಜಾಗವಿದೆ. ಆದರೆ ಅವು ಬಹುಮಟ್ಟಿಗೆ ಕಾಲೇಜಿನ ಆವರಣಕ್ಕೇ ಸೀಮಿತ.

ಈ ಕ್ರಮದಲ್ಲೊಂದು ವಿಚಿತ್ರವಿದೆ. ನಮ್ಮ ವಿದ್ಯಾರ್ಥಿಗೆ ಸಿಗುವ ಅತಿ ದೀರ್ಘವಾದ ಕೆಲಸದ ಅನುಭವ ಬರುವುದು ಕೊನೆಯ ಪರೀಕ್ಷೆ ಮುಗಿದ ನಂತರ. ಅಲ್ಲಿ ಕಲಿತದ್ದು ತರಗತಿಯ ಓದಿಗೆ ಮರಳಿ ಬರುವ ದಾರಿಯೇ ಇಲ್ಲ. ಸಿಇಟಿಯಲ್ಲಿ ಕೃಷಿಕರ ಮಕ್ಕಳ ಕೋಟಾದ ಅಭ್ಯರ್ಥಿಗಳಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಅಲ್ಲಿ ಮನೆಯ ಅನುಭವಕ್ಕೆ ಅಂಕ ಸಿಗುತ್ತದೆ. ಅಂದರೆ ಅನುಭವವನ್ನು ನಾವು ಕಾಲೇಜಿನ ಬಾಗಿಲಲ್ಲಿ ಅಳೆಯುತ್ತೇವೆ, ಕಾಲೇಜು ಬಿಡುವಾಗ ಕೊಡುತ್ತೇವೆ. ನಡುವಿನ ನಾಲ್ಕೂವರೆ ವರ್ಷ ಅದನ್ನು ಓದಿನ ಜೊತೆ ಹೆಣೆಯುವುದು ಕಡಿಮೆ.

ಇದರ ಪರಿಣಾಮ ಇಂಟರ್ನ್‌ಶಿಪ್ ವರ್ಷದಲ್ಲೇ ಕಾಣುತ್ತದೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆ, ಇಲಾಖೆಯ ನೇಮಕಾತಿ ಪರೀಕ್ಷೆಗಳ ತಯಾರಿಗೆ ಅದೇ ವರ್ಷ ಬೇಕು. ಆ ಪರೀಕ್ಷೆಗಳು ಕೇಳುವುದು ನೆನಪಿನ ಪ್ರಶ್ನೆಗಳನ್ನು. ಹಾಗಾಗಿ ಎಷ್ಟೋ ಇಂಟರ್ನ್‌ಗಳಿಗೆ ಪಶು ಆಸ್ಪತ್ರೆಯ ಬೆಳಗು ಓದಿನಿಂದ ಕಸಿದುಕೊಂಡ ಸಮಯವಾಗಿ ಕಾಣುತ್ತದೆ. ಇದಕ್ಕೆ ವಿದ್ಯಾರ್ಥಿಯನ್ನು ದೂರುವುದು ಅನ್ಯಾಯ. ವ್ಯವಸ್ಥೆ ಯಾವುದಕ್ಕೆ ಬೆಲೆ ಕೊಡುತ್ತದೆಯೋ ಅದನ್ನೇ ಅವನು ಮಾಡುತ್ತಾನೆ.

ಅಧ್ಯಯನಗಳು ಹೇಳುವುದು

ಕೆಲಸದ ಅನುಭವಕ್ಕೂ ಅಂಕಕ್ಕೂ ಇರುವ ಸಂಬಂಧವನ್ನು ಹೆಚ್ಚು ಅಳೆದಿರುವುದು ಬ್ರಿಟನ್ನಿನಲ್ಲಿ. ಅಲ್ಲಿ ಹಲವು ಪದವಿಗಳ ನಡುವೆ ಒಂದು ವರ್ಷ ಕೆಲಸಕ್ಕೆ ಹೋಗಿ, ಅಂತಿಮ ವರ್ಷಕ್ಕೆ ಮರಳುವ ಪದ್ಧತಿ ಇದೆ. ವೆಸ್ಟ್ ಆಫ್ ಇಂಗ್ಲೆಂಡ್ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿದ್ಯಾರ್ಥಿಗಳ ಬಗ್ಗೆ ಗೊಮೆಜ್, ಲಷ್ ಮತ್ತು ಕ್ಲೆಮೆಂಟ್ಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರಾದದ್ದು. ಕೆಲಸಕ್ಕೆ ಹೋಗಿ ಬಂದವರು ಅಂತಿಮ ವರ್ಷದಲ್ಲಿ ಸುಮಾರು ಶೇ 4ರಷ್ಟು ಮುಂದಿದ್ದರು. ಆಸ್ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿದ್ಯಾರ್ಥಿಗಳ ಬಗ್ಗೆ 2006ರಲ್ಲಿ ಬಂದ ಅಧ್ಯಯನವೂ ಇಂಥದೇ ಲಾಭವನ್ನು ತೋರಿಸಿತು.

ಇಲ್ಲೊಂದು ಆಕ್ಷೇಪ ತಾನಾಗಿ ಏಳುತ್ತದೆ. ಕೆಲಸಕ್ಕೆ ಹೋದದ್ದರಿಂದ ಅಂಕ ಹೆಚ್ಚಿತೋ, ಮೊದಲೇ ಚೆನ್ನಾಗಿ ಓದುವವರೇ ಕೆಲಸಕ್ಕೆ ಹೋದರೋ? ಆಸ್ಟನ್ನಿನವರೇ 2017ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡು ಇನ್ನೊಂದು ಅಧ್ಯಯನ ಮಾಡಿದರು. ಎರಡೂ ಅಂಶಗಳು ಕೆಲಸ ಮಾಡುತ್ತವೆ ಎಂಬುದು ಅದರಿಂದ ಸಿಗುವ ಪಾಠ. ಮುಂದಿರುವವರು ಇಂಥ ಅವಕಾಶವನ್ನು ಹೆಚ್ಚಾಗಿ ಹಿಡಿಯುತ್ತಾರೆ ನಿಜ, ಆದರೆ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅನುಭವದ ಲಾಭ ಉಳಿಯುತ್ತದೆ.

ಲಾಭವೇ ಕಾಣದ ಅಧ್ಯಯನವೂ ಉಂಟು. ವ್ಯವಹಾರ ಅಧ್ಯಯನದ ವಿದ್ಯಾರ್ಥಿಗಳನ್ನು ಗಮನಿಸಿದ ಡುಯಿಗ್ನಾನ್, 2002–03ರ ಬರಹಗಳಲ್ಲಿ, ಕೆಲಸಕ್ಕೆ ಹೋಗಿ ಬಂದದ್ದರಿಂದಲೇ ಅಂಕ ಏರುವುದಿಲ್ಲ ಎಂದು ತೋರಿಸಿದರು. ವಿದ್ಯಾರ್ಥಿಯನ್ನು ಒಂದು ಕಚೇರಿಗೆ ಕಳುಹಿಸಿ ಕೈತೊಳೆದುಕೊಂಡರೆ ಅವನು ಕಲಿಯುವುದು ಆ ಕಚೇರಿಯ ಕೆಲಸವನ್ನಷ್ಟೇ. ಕೆಲಸದ ಜಾಗವನ್ನೇ ಕಲಿಕೆಯ ಜಾಗವಾಗಿ ಯೋಜಿಸಿದರೆ ಮಾತ್ರ ಅಲ್ಲಿನ ಅನುಭವ ಓದಿಗೆ ಸೇರುತ್ತದೆ. ಒಪ್ಪುವ ಅಧ್ಯಯನಗಳಿಗಿಂತ ಈ ಒಪ್ಪದ ಅಧ್ಯಯನವೇ ನಮಗೆ ಹೆಚ್ಚು ಉಪಯೋಗದ್ದು. ಅದು ಕಾರಣವನ್ನು ಬೆರಳಿಟ್ಟು ತೋರಿಸುತ್ತದೆ.

ಪಶುವೈದ್ಯದ ಮಾತೇ ಬೇರೆ

ಪಶುವೈದ್ಯ ಶಿಕ್ಷಣದಲ್ಲಿ ಕೆಲಸದ ಅನುಭವ ಐಚ್ಛಿಕವಲ್ಲ. ಬ್ರಿಟನ್ನಿನಲ್ಲಿ ರಜೆಗಳಲ್ಲಿ ಕಾಲೇಜಿನ ಹೊರಗೆ ಒಟ್ಟು 38 ವಾರ ಕೆಲಸ ಮಾಡಬೇಕೆಂಬ ನಿಯಮ ಬಹುಕಾಲ ಇತ್ತು. ಅದರಲ್ಲಿ 12 ವಾರ ಆರಂಭದ ವರ್ಷಗಳಲ್ಲಿ ದನ, ಕುರಿ, ಹಂದಿ, ಕುದುರೆಗಳ ಸಾಕಣೆಯಲ್ಲಿ, 26 ವಾರ ನಂತರದ ವರ್ಷಗಳಲ್ಲಿ ವೈದ್ಯರ ಜೊತೆ. ಕುರಿ ಮರಿ ಹಾಕುವ ಕಾಲಕ್ಕೆ ಹಟ್ಟಿಯಲ್ಲಿ ಇದ್ದು ಬಂದ ವಿದ್ಯಾರ್ಥಿ ಮರುವರ್ಷ ಪ್ರಸೂತಿಶಾಸ್ತ್ರದ ತರಗತಿಗೆ ಕೂರುತ್ತಾನೆ. ಅನುಭವ ಮೊದಲು, ಅದರ ವಿವರಣೆ ಆಮೇಲೆ. ನಮ್ಮಲ್ಲಿ ತಪ್ಪಿಹೋಗಿರುವ ಕೊಂಡಿ ಇದೇ.

ಕಳುಹಿಸುವ ಮುನ್ನ ಸಿದ್ಧಪಡಿಸುವುದು ಎಷ್ಟು ಮುಖ್ಯ ಎನ್ನಲು ಇನ್ನೊಂದು ಉದಾಹರಣೆ ಇದೆ. ಆಕಳಿನ ಗುದದ್ವಾರದ ಮೂಲಕ ಕೈಹಾಕಿ ಗರ್ಭಕೋಶವನ್ನು ಗುರುತಿಸುವುದು ಪಶುವೈದ್ಯನ ಮೂಲ ಕೌಶಲ. ಒಳಗೆ ವಿದ್ಯಾರ್ಥಿಯ ಕೈ ಏನು ಮುಟ್ಟುತ್ತಿದೆ ಎಂಬುದು ಪಕ್ಕದಲ್ಲಿರುವ ಗುರುವಿಗೆ ಕಾಣುವುದಿಲ್ಲ. ಬ್ರಿಟನ್ನಿನ ಪಶುವೈದ್ಯೆ ಸಾರಾ ಬೈಲಿ ಸ್ಪರ್ಶವನ್ನು ಅನುಕರಿಸುವ ಒಂದು ಯಂತ್ರ ರೂಪಿಸಿದರು. ಅದಕ್ಕೆ 'ಹ್ಯಾಪ್ಟಿಕ್ ಕೌ' ಎಂದು ಹೆಸರು. ಅದರ ಮೇಲೆ ಅಭ್ಯಾಸ ಮಾಡಿ ಕೊಟ್ಟಿಗೆಗೆ ಹೋದವರು ಮೊದಲ ಭೇಟಿಯಲ್ಲೇ ಗರ್ಭಕೋಶವನ್ನು ಗುರುತಿಸುವುದರಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಎರಡು ಗುಂಪಿಗೂ ಸಿಕ್ಕದ್ದು ಒಂದೇ ಕೊಟ್ಟಿಗೆ. ವ್ಯತ್ಯಾಸ ಇದ್ದದ್ದು ಸಿದ್ಧತೆಯಲ್ಲಿ.

ಸ್ವಂತ ದೊಡ್ಡ ಆಸ್ಪತ್ರೆಯನ್ನು ಕಟ್ಟದೆ, ಸುತ್ತಲಿನ ವೈದ್ಯರು ಮತ್ತು ಹಿಂಡುಗಳನ್ನೇ ಪಾಠಶಾಲೆ ಮಾಡಿಕೊಂಡ ಕಾಲೇಜುಗಳೂ ಇವೆ. ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿರುವ ವೆಸ್ಟರ್ನ್ ವಿಶ್ವವಿದ್ಯಾಲಯದ ಕಾಲೇಜು, 2006ರಲ್ಲಿ ತೆರೆದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಶಾಲೆ, ಕೆನಡಾದ ಕ್ಯಾಲ್ಗರಿ ಶಾಲೆ ಈ ದಾರಿ ಹಿಡಿದವು. ಅಲ್ಲಿ ವಿದ್ಯಾರ್ಥಿಯನ್ನು ಒಪ್ಪಿಸಿಕೊಳ್ಳುವ ವೈದ್ಯ ಬೋಧಕ ವರ್ಗದ ಭಾಗ. ಏನು ಕಲಿಸಬೇಕು, ಹೇಗೆ ಅಳೆಯಬೇಕು ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ. ದೊಡ್ಡ ಬೋಧನಾ ಆಸ್ಪತ್ರೆಗಳು ದೂರವಿರುವ, ಹಳ್ಳಿಗಳು ಹತ್ತಿರವಿರುವ ಕಲಬುರಗಿಯಂಥ ಜಿಲ್ಲೆಗೆ ಈ ಮಾದರಿ ಚೆನ್ನಾಗಿ ಹೊಂದುತ್ತದೆ.

ಜೋಳದ ಕೂಳೆಯಲ್ಲಿ ನಾಲ್ಕು ವಿಷಯಗಳ ಪಾಠ

ಅನುಭವ ಓದಿಗೆ ಹೇಗೆ ನೆರವಾಗುತ್ತದೆ ಎಂಬುದನ್ನು ನಮ್ಮದೇ ನೆಲದ ಉದಾಹರಣೆಯಿಂದ ನೋಡಬಹುದು. ಜೋಳ ಬೆಳೆಯುವ ಈ ಸೀಮೆಯ ರೈತನಿಗೆ ಎಳೆಯ ಪೈರು, ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ಲಾದ ಮೇಲೆ ಚಿಗುರುವ ಕೂಳೆ ದನಕ್ಕೆ ಅಪಾಯ ಎಂಬುದು ಗೊತ್ತು. ಮೇಯ್ದ ಸ್ವಲ್ಪ ಹೊತ್ತಿನಲ್ಲೇ ದನ ಏದುಸಿರು ಬಿಟ್ಟು, ನಡುಗಿ, ಬಿದ್ದು ಸಾಯಬಹುದು. ಕಾರಣ ಆ ಪೈರಿನಲ್ಲಿರುವ ಧರಿನ್ ಎಂಬ ವಸ್ತು. ಜಗಿದಾಗ ಅದರಿಂದ ಹೈಡ್ರೋಸಯಾನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದು ಜೀವಕೋಶದ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶ ಅದನ್ನು ಬಳಸಲಾರದು, ಹೀಗಾಗಿಯೇ ರಕ್ತ ಉಜ್ವಲ ಕೆಂಪಾಗಿ ಹೊಳೆಯುತ್ತದೆ. ಚಿಕಿತ್ಸೆಗೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್. ಮೊದಲನೆಯದು ವಿಷವನ್ನು ಕಿಣ್ವದಿಂದ ಬಿಡಿಸುತ್ತದೆ, ಎರಡನೆಯದು ಅದನ್ನು ಮೂತ್ರದಲ್ಲಿ ಹೊರಹೋಗುವ ರೂಪಕ್ಕೆ ತಿರುಗಿಸುತ್ತದೆ.

ಈ ಒಂದು ಪ್ರಕರಣದಲ್ಲಿ ಮೇವಿನ ಶಾಸ್ತ್ರ, ಜೀವರಸಾಯನ, ವಿಷಶಾಸ್ತ್ರ, ಔಷಧಶಾಸ್ತ್ರ ನಾಲ್ಕೂ ಇವೆ. ಪಠ್ಯಕ್ರಮದಲ್ಲಿ ಅವು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಅಧ್ಯಾಪಕರ ಕೈಯಲ್ಲಿ ಹರಿದು ಹಂಚಿಹೋಗಿರುತ್ತವೆ. ಬಿದ್ದ ದನವೊಂದನ್ನು ಕಂಡವನಿಗೆ ಅವೆಲ್ಲ ಒಂದೇ ಸರಪಳಿಯಾಗಿ ಕೂಡಿಕೊಳ್ಳುತ್ತವೆ, ಕೂಡಿಕೊಂಡದ್ದು ಪರೀಕ್ಷೆಯ ಹಾಳೆಯ ಮುಂದೆಯೂ ಮರೆಯುವುದಿಲ್ಲ. ಅನುಭವ, ಅದರ ಮೇಲಿನ ಚಿಂತನೆ, ಅದರಿಂದ ಹುಟ್ಟುವ ತತ್ವ, ಆ ತತ್ವದ ಮರುಪ್ರಯೋಗ ಎಂದು 1984ರಲ್ಲಿ ಡೇವಿಡ್ ಕೋಲ್ಬ್ ಹೇಳಿದ ಕಲಿಕೆಯ ಚಕ್ರ ಇದೇ. ಆದರೆ ಚಕ್ರ ತಿರುಗಬೇಕಾದರೆ ಪಕ್ಕದಲ್ಲಿ ನಿಂತು "ರಕ್ತ ಯಾಕೆ ಇಷ್ಟು ಕೆಂಪಗಿದೆ?" ಎಂದು ಕೇಳುವ ಒಬ್ಬ ಗುರು ಬೇಕು. ಆ ಪ್ರಶ್ನೆ ಬರದಿದ್ದರೆ ವಿದ್ಯಾರ್ಥಿ ಕಲಿಯುವುದು ಯಾವ ಬಾಟಲಿಯಿಂದ ಎಷ್ಟು ಎಳೆದುಕೊಳ್ಳಬೇಕು ಎಂಬುದನ್ನಷ್ಟೇ.

ಲಸಿಕೆ ಅಭಿಯಾನದ ಕತೆಯೂ ಇದೇ. ಕಾಲುಬಾಯಿ ಜ್ವರ ಮತ್ತು ಕಂದು ರೋಗಗಳ ನಿಯಂತ್ರಣಕ್ಕೆ 2019ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2022ರಲ್ಲಿ ಚರ್ಮಗಂಟು ರೋಗ ರಾಜ್ಯವನ್ನು ಕಾಡಿತು. ಇಂಥ ಹೊತ್ತಿನಲ್ಲಿ ವಿದ್ಯಾರ್ಥಿಗಳ ಕೈ ಇಲಾಖೆಗೆ ದೊಡ್ಡ ಆಸರೆ. ಆದರೆ ದಿನವಿಡೀ ಸೂಜಿ ಚುಚ್ಚಿ ಲೆಕ್ಕ ಒಪ್ಪಿಸಿದರೆ ಅದು ದುಡಿಮೆ ಮಾತ್ರ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಯಾಕೆ ಇಡಬೇಕು, ಕಲಬುರಗಿಯ ಬೇಸಿಗೆಯಲ್ಲಿ ಐಸ್ ಪೆಟ್ಟಿಗೆ ಎಷ್ಟು ಹೊತ್ತು ತಡೆಯುತ್ತದೆ, ತೀರಾ ಎಳೆಯ ಕರುವಿಗೆ ಯಾಕೆ ಹಾಕುವುದಿಲ್ಲ, ಊರಿನ ಎಷ್ಟು ಪಾಲು ದನಗಳಿಗೆ ಹಾಕಿದರೆ ರೋಗ ನಿಲ್ಲುತ್ತದೆ ಎಂದು ಚರ್ಚಿಸಿದರೆ ಅದೇ ದಿನ ಸೂಕ್ಷ್ಮಜೀವಿಶಾಸ್ತ್ರದ ಉತ್ತಮ ತರಗತಿಯಾಗುತ್ತದೆ.

ಅನುಭವ ಕೆಟ್ಟದ್ದನ್ನೂ ಕಲಿಸಬಲ್ಲದು ಎಂಬುದನ್ನು ಮರೆಯಬಾರದು. ಹಾಲನ್ನು ಪರೀಕ್ಷಿಸದೆ ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಡುವುದು, ಔಷಧ ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿನ ಮಾರಬಾರದೆಂದು ರೈತನಿಗೆ ಹೇಳದಿರುವುದು, ಇಂಥ ಅಭ್ಯಾಸಗಳು ಅವಸರದ ಚಿಕಿತ್ಸಾಲಯಗಳಲ್ಲಿ ಬೇಗ ಅಂಟುತ್ತವೆ.

ಪರೀಕ್ಷೆ ಅಳೆಯುವುದು ಏನನ್ನು?

ಅನುಭವದಿಂದ ಅಂಕ ಬರಲಿಲ್ಲ ಎನ್ನುವ ಮೊದಲು ಪರೀಕ್ಷೆ ಏನು ಕೇಳಿತು ಎಂದು ನೋಡಬೇಕು. ವೈದ್ಯ ಶಿಕ್ಷಣ ಚಿಂತಕ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಯ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ಲಿಖಿತ ಪರೀಕ್ಷೆ ಮೊದಲ ಎರಡನ್ನು ಅಳೆಯುತ್ತದೆ. ಕೊಟ್ಟಿಗೆ ಕಲಿಸುವುದು ಮುಖ್ಯವಾಗಿ ಕೊನೆಯ ಎರಡನ್ನು. ಮೂರನೆಯ ಮೆಟ್ಟಿಲಿಗೆ 1975ರಲ್ಲೇ ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ ಒಂದು ವಿಧಾನ ಕೊಟ್ಟರು. ವಿದ್ಯಾರ್ಥಿ ಒಂದರ ನಂತರ ಒಂದು ನಿಲ್ದಾಣಕ್ಕೆ ಹೋಗಿ, ನಿಗದಿತ ನಿಮಿಷಗಳಲ್ಲಿ ನಿಗದಿತ ಕೆಲಸ ಮಾಡಿ ತೋರಿಸಬೇಕು. ಪರೀಕ್ಷಕರು ಒಂದೇ ಪಟ್ಟಿ ಹಿಡಿದು ಅಂಕ ಕೊಡುತ್ತಾರೆ. ಜಗತ್ತಿನ ಅನೇಕ ಪಶುವೈದ್ಯ ಶಾಲೆಗಳು ಇದನ್ನು ಒಪ್ಪಿಕೊಂಡಿವೆ. ಪದವೀಧರ ಮೊದಲ ದಿನವೇ ಏನೇನು ಮಾಡಬಲ್ಲವನಾಗಿರಬೇಕು ಎಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2012ರಲ್ಲಿ ಪಟ್ಟಿ ಮಾಡಿದ್ದೂ ಇದೇ ದಿಕ್ಕಿನಲ್ಲಿ.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಕಮಲಾಪುರದ ಕಡೆಯಿಂದ ಬಂದ ರೈತನ ಮಗಳಿಗೆ ಎಮ್ಮೆಯ ಬೆದೆ, ಹೆರಿಗೆ, ಮೇವು ಎಲ್ಲ ಗೊತ್ತಿರಬಹುದು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದು ವ್ಯಾಖ್ಯೆಗಳನ್ನು ಕೇಳಿದರೆ ಅವಳ ತಿಳಿವು ಹೊರಬರುವುದಿಲ್ಲ. ನಗರದ ವಿದ್ಯಾರ್ಥಿಯ ತೊಂದರೆ ಇದರ ತಿರುವುಮುರುವು: ವ್ಯಾಖ್ಯೆ ಬಾಯಿಗೆ ಬರುತ್ತದೆ, ಹಗ್ಗ ಹಿಡಿಯಲು ಕೈ ಬರುವುದಿಲ್ಲ. ಕ್ಷೇತ್ರದ ಕೆಲಸ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಒಬ್ಬರಿಂದ ಒಬ್ಬರು ಕಲಿಯುವಂತೆ ಮಾಡುತ್ತದೆ. ಕಲಬುರಗಿಯ ಹಳ್ಳಿಗಳಲ್ಲಿ ಕನ್ನಡದ ಜೊತೆ ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿಗಳೂ ಇವೆ. ದನ ನೋಡಿಕೊಳ್ಳುವ ಹೆಂಗಸರು ತಮ್ಮ ಮಾತಿನಲ್ಲಿ ಹೇಳುವ ರೋಗಲಕ್ಷಣವನ್ನು ಕೇಳಿಸಿಕೊಳ್ಳುವುದೇ ಒಂದು ವೈದ್ಯಕೀಯ ಕೌಶಲ, ಅದಕ್ಕೂ ಅಂಕವಿರಬೇಕು.

ನೆರೆಯ ಮಾದರಿಗಳು

ದೂರ ಹೋಗಬೇಕಿಲ್ಲ. ತಾಜಸುಲ್ತಾನಪುರದ ದಿಕ್ಕಿನಲ್ಲೇ ಮುಂದೆ ಮಹಾಗಾಂವ್ ಕ್ರಾಸಿನಲ್ಲಿ ಇದೇ ವಿಶ್ವವಿದ್ಯಾಲಯದ ಡೇರಿ ವಿಜ್ಞಾನ ಕಾಲೇಜು ಇದೆ. ಹೈನು ತಂತ್ರಜ್ಞಾನದ ಓದಿನಲ್ಲಿ ಘಟಕಗಳಲ್ಲಿ ಕೆಲಸ ಮಾಡುವುದು ಪದವಿಯದೇ ಭಾಗ. ಕಲಬುರಗಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಇದೆ. ಕೃಷಿ ವಿದ್ಯಾರ್ಥಿಗಳು ಅಂತಿಮ ವರ್ಷದಲ್ಲಿ ಹಳ್ಳಿಯಲ್ಲಿ ತಂಗಿ ಗ್ರಾಮೀಣ ಕೃಷಿ ಕಾರ್ಯಾನುಭವ ಪಡೆಯುತ್ತಾರೆ. 2015ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇದನ್ನು 'ಸ್ಟೂಡೆಂಟ್ ರೆಡಿ' ಕಾರ್ಯಕ್ರಮದೊಳಗೆ ತಂದಿತು. ಅಲ್ಲಿ ಹಳ್ಳಿಯ ದಿನಗಳಿಗೆ ಕ್ರೆಡಿಟ್ ಇದೆ, ಮೌಲ್ಯಮಾಪನ ಇದೆ. ಪದವಿ ಮುಗಿಯುವ ಮೊದಲೇ ಹಳ್ಳಿ ಅಂಕಪಟ್ಟಿಯೊಳಗೆ ಬಂದಿದೆ. ಪಶುವೈದ್ಯ ಪದವಿಗೂ ಇದು ಅಸಾಧ್ಯವಲ್ಲ.

ಬೀದರಿನ ವಿಶ್ವವಿದ್ಯಾಲಯಕ್ಕೆ ಇನ್ನೊಂದು ಬಲವಿದೆ. ಕಟ್ಟಿತುಗಾಂವ್‌ನ ಸಂಶೋಧನಾ ಕೇಂದ್ರದಲ್ಲಿ ಈ ಗಡಿಸೀಮೆಯದೇ ಆದ ದೇವಣಿ ತಳಿಯ ಕೆಲಸ ನಡೆಯುತ್ತದೆ. ತಳಿಶಾಸ್ತ್ರದ ಪಾಠವನ್ನು ದೇವಣಿ ಹಿಂಡಿನ ವಂಶಾವಳಿಯ ಮುಂದೆ ನಿಂತು ಕಲಿಯುವ ಅವಕಾಶ ಅಪರೂಪದ್ದು.

ಖರ್ಚು ಯಾರದು?

ಬ್ರಿಟನ್ನಿನಲ್ಲಿ ಹೊರಗಿನ ಕೆಲಸದ ವಾರಗಳ ಬಗ್ಗೆ ಬಹಳ ಕಾಲದಿಂದ ಇರುವ ದೂರು ಹಣದ್ದು. ಪ್ರಯಾಣ, ವಸತಿ, ಊಟ ಎಲ್ಲವೂ ವಿದ್ಯಾರ್ಥಿಯ ಜೇಬಿನಿಂದ, ಆ ರಜೆಯಲ್ಲಿ ಸಂಬಳದ ಕೆಲಸವನ್ನೂ ಮಾಡುವಂತಿಲ್ಲ. ನಮ್ಮಲ್ಲಿ ಈ ಹೊರೆ ಇನ್ನೂ ಭಾರ. ಹಳ್ಳಿಗೆ ಬಸ್ಸು, ವಿದ್ಯಾರ್ಥಿನಿಯರಿಗೆ ಸುರಕ್ಷಿತ ವಸತಿ, ಹುಚ್ಚುನಾಯಿ ರೋಗದ ಮುಂಜಾಗ್ರತಾ ಲಸಿಕೆ, ಕೈಗವಸು, ಗಂಬೂಟು, ವಿಮೆ ಇವುಗಳಿಗೆಲ್ಲ ಹಣ ಬೇಕು. ಇದನ್ನು ಸಂಸ್ಥೆ ಹೊರದಿದ್ದರೆ ಅನುಕೂಲಸ್ಥರಿಗೆ ಒಳ್ಳೆಯ ಅನುಭವ, ಉಳಿದವರಿಗೆ ಸಹಿ ಮಾಡಿಸಿಕೊಂಡ ಲಾಗ್‌ಬುಕ್ ಎಂದಾಗುತ್ತದೆ. ಆಗ ಅಂಕದ ಅಂತರ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಆಗಬೇಕಾದದ್ದು

ತಾಜಸುಲ್ತಾನಪುರ, ಮಹಾಗಾಂವ್, ಕಮಲಾಪುರಗಳನ್ನು ಸೇರಿಸಿ ಒಂದು ಬೋಧನಾ ಹಳ್ಳಿ ಸಮೂಹವನ್ನು ವಿಶ್ವವಿದ್ಯಾಲಯ ಕಟ್ಟಬೇಕು. ನಗರದಂಚಿನ ಹೈನು, ಒಳನಾಡಿನ ಆಡು-ಕುರಿ, ಡೇರಿ ಕಾಲೇಜಿನ ಪ್ರಯೋಗಾಲಯ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ವಿದ್ಯಾರ್ಥಿ ಮೊದಲ ವರ್ಷದಿಂದಲೇ ಅದೇ ಮನೆಗಳಿಗೆ ಮತ್ತೆ ಮತ್ತೆ ಬರಬೇಕು. ಮೊದಲು ಮೇವು ಮತ್ತು ಸಾಕಣೆ, ಆಮೇಲೆ ರೋಗಪತ್ತೆ, ಕೊನೆಗೆ ಚಿಕಿತ್ಸೆ. ಒಂದೇ ಎಮ್ಮೆಯ ಬೆದೆಯಿಂದ ಹೆರಿಗೆಯವರೆಗೆ, ಕರುವಿನ ಬೆಳವಣಿಗೆಯವರೆಗೆ ಬರೆದ ದಾಖಲೆ ಯಾವ ಪ್ರಾಯೋಗಿಕ ತರಗತಿಗೂ ಕಡಿಮೆಯಲ್ಲ.

ಕಳುಹಿಸುವ ಮುನ್ನ ಮಾದರಿಗಳ ಮೇಲೆ ಅಭ್ಯಾಸವಾಗಬೇಕು. ಹಳ್ಳಿಯ ಪಶುವೈದ್ಯಾಧಿಕಾರಿಯನ್ನು ಕ್ಷೇತ್ರ ಬೋಧಕ ಎಂದು ಮಾನ್ಯ ಮಾಡಿ ತರಬೇತಿ ಮತ್ತು ಗೌರವಧನ ಕೊಡಬೇಕು. ಲಾಗ್‌ಬುಕ್ಕಿನಲ್ಲಿ ಎಷ್ಟು ಪ್ರಕರಣ ಎನ್ನುವುದಕ್ಕಿಂತ ಪ್ರತಿ ಪ್ರಕರಣಕ್ಕೂ ಯಾಕೆ ಎಂಬ ಉತ್ತರ ಇರಬೇಕು, ಬಾಹ್ಯ ಪರೀಕ್ಷಕ ಅಲ್ಲಿಂದಲೇ ಪ್ರಶ್ನೆ ಕೇಳಬೇಕು. ಸ್ನಾತಕೋತ್ತರ ಪ್ರವೇಶ ಮತ್ತು ನೇಮಕಾತಿ ಪರೀಕ್ಷೆಗಳು ಪ್ರಕರಣ ಆಧಾರಿತ ಪ್ರಶ್ನೆಗಳಿಗೆ ತೂಕ ಕೊಟ್ಟರೆ ಇಂಟರ್ನ್‌ಶಿಪ್ ವರ್ಷ ತಾನಾಗಿ ಜೀವ ಪಡೆಯುತ್ತದೆ. ಪ್ರವೇಶದ ಅಂಕ, ಕ್ಷೇತ್ರದಲ್ಲಿ ಕಳೆದ ಗಂಟೆ, ವರ್ಷವಾರು ಫಲಿತಾಂಶ ಮೂರನ್ನೂ ಒಟ್ಟಿಗೆ ಇಟ್ಟು ವಿಶ್ವವಿದ್ಯಾಲಯ ಪ್ರತಿ ವರ್ಷ ಪ್ರಕಟಿಸಬೇಕು. ಹಾಗಾದರೆ ಮುಂದಿನ ಚರ್ಚೆ ಬ್ರಿಟನ್ನಿನ ಅಂಕಿಗಳನ್ನು ಬಿಟ್ಟು ನಮ್ಮವೇ ಅಂಕಿಗಳ ಮೇಲೆ ನಡೆಯಬಹುದು.

ಕೊಟ್ಟಿಗೆ ಮತ್ತು ತರಗತಿಗಳ ನಡುವೆ ಒಂದನ್ನೇ ಆರಿಸಬೇಕು ಎಂಬ ಭಯಕ್ಕೆ ಆಧಾರವಿಲ್ಲ. ಗುರುವಿಲ್ಲದ ಕೆಲಸ ಅಂಕವನ್ನೂ ಕೊಡದು, ಕೌಶಲವನ್ನೂ ಕೊಡದು. ಗುರುವಿರುವ ಕೆಲಸ ಎರಡನ್ನೂ ಕೊಡುತ್ತದೆ. ಮಗ ಅಥವಾ ಮಗಳನ್ನು ಪಶುವೈದ್ಯ ಕಾಲೇಜಿಗೆ ಕಳುಹಿಸಿರುವ ಪೋಷಕರು ಇನ್ನು ಮುಂದೆ ಎಷ್ಟು ಅಂಕ ಬಂತು ಎಂದು ಕೇಳುವುದರ ಜೊತೆಗೆ, ಈ ವರ್ಷ ಯಾವ ಊರಿನ ಯಾವ ಕೊಟ್ಟಿಗೆಯಲ್ಲಿ, ಯಾರ ಕೈಕೆಳಗೆ ಕಲಿತೆ ಎಂದೂ ಕೇಳಲಿ. ವಿಶ್ವವಿದ್ಯಾಲಯ ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳಲಿ.